ಸಾಕ್ ಬಿಡ್ಲಾ, ಚೆಕ್ ಕೊಡ್ಲಿ

ನಮ್ಮಪ್ಪ ಈ ಜನ್ಮದಲ್ಲಿ ಆಡಿರೋ ಕಂಪ್ಯೂಟರ್ ಗೇಮ್ ಅಂದ್ರೆ ಒಂದೇ ಒಂದು, ಅದನ್ನೂ ಕೊನೇವರೆಗೆ ಆಡಿದ್ದು ನಾನು ನೋಡಿಲ್ಲ.

2001ರ ಕೊನೆ ಇರ್ಬೇಕು, ನಾನಾಗ ಒಂಬತ್ತನೇ ಕ್ಲಾಸು. ತಿಪಟೂರಲ್ಲಿ ನಮ್ಮ ಮಾವ ಒಂದು ಡಿಟಿಪಿ ಸೆಂಟರ್ ಇಟ್ಕೊಂಡಿದ್ರು. ಹಗಲೆಲ್ಲ ಮದುವೆ ಪತ್ರಿಕೆ, ಜಾತ್ರೆ ಕರಪತ್ರ, ಗೃಹಪ್ರವೇಶದ ಕಾರ್ಡು. ರಾತ್ರಿ ಎಂಟಾದ್ಮೇಲೆ ಶಟರ್ ಅರ್ಧ ಎಳೆದು ನಮಗೆ ಕಂಪ್ಯೂಟರ್ ಬಿಟ್ಕೊಡೋರು. ಬೆಂಗಳೂರಿಗೆ ಟೋನರ್ ತರಕ್ಕೆ ಹೋದವ್ರು ಒಂದ್ಸಲ ಒಂದು ಸಿಡಿ ತಂದ್ರು, ಮೇಲೆ ಕಪ್ಪು ಮಾರ್ಕರ್ ಪೆನ್ನಲ್ಲಿ ಬರೀ 'ಕೋಟಿ' ಅಂತ ಬರೆದಿತ್ತು. ನಮಗೆ ಮೈಯೆಲ್ಲ ರೋಮಾಂಚನ. ಯಾಕಂದ್ರೆ ಅದಕ್ಕೆ ಹಿಂದಿನ ವರ್ಷ, 2000ದ ಜುಲೈ 3ಕ್ಕೆ ಸ್ಟಾರ್ ಪ್ಲಸ್ಸಲ್ಲಿ ಕೌನ್ ಬನೇಗಾ ಕರೋಡ್‌ಪತಿ ಶುರುವಾಗಿತ್ತು, ರಾತ್ರಿ ಒಂಬತ್ತಾದ್ರೆ ನಮ್ಮ ಬೀದೀಲಿ ಒಂದು ನಾಯಿನೂ ಓಡಾಡ್ತಿರ್ಲಿಲ್ಲ. ನಮ್ಮಮ್ಮಂಗೆ ಹಿಂದಿ ಒಂದಕ್ಷರ ಬರಲ್ಲ, ಆದ್ರೂ ಅಮಿತಾಭ್ 'ಲಾಕ್ ಕಿಯಾ ಜಾಯ್' ಅಂದ ತಕ್ಷಣ ಸೆರಗು ಬಾಯಿಗಿಟ್ಕೊಂಡು ಕೂರೋರು. ಅದೇ ಅಕ್ಟೋಬರಲ್ಲಿ ಹರ್ಷವರ್ಧನ್ ನವಾಥೆ ಒಂದು ಕೋಟಿ ಗೆದ್ದಾಗ ಮಾರನೇ ದಿನ ಸ್ಕೂಲಲ್ಲಿ ಅದೇ ಮಾತು.

ಸಿಡಿ ಹಾಕಿದ್ವಿ. ಅಮಿತಾಭ್ ಬರ್ಲಿಲ್ಲ. ಯಾರೋ ಇಂಗ್ಲೆಂಡಿನೋನ ಧ್ವನಿ ಬಂತು. ಅದು ಮೂಲ ಬ್ರಿಟಿಷ್ ಶೋನ ಗೇಮು, ಮಾತಾಡ್ತಿದ್ದಿದ್ದು ಕ್ರಿಸ್ ಟ್ಯಾರಂಟ್ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. 1998ರ ಸೆಪ್ಟೆಂಬರಲ್ಲಿ ಐಟಿವಿ ಚಾನಲ್ಲಲ್ಲಿ ಶುರುವಾದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್', ಅದನ್ನ ಹಾಟ್‌ಹೌಸ್ ಕ್ರಿಯೇಷನ್ಸ್ ಅನ್ನೋರು ಗೇಮ್ ಮಾಡಿ ಐಡಾಸ್ ಕಂಪನಿ ಬಿಡುಗಡೆ ಮಾಡಿತ್ತು. ಹದಿನೈದು ಪ್ರಶ್ನೆ, ನೂರು ಪೌಂಡಿಂದ ಹತ್ತು ಲಕ್ಷ ಪೌಂಡ್‌ವರೆಗೆ. ಪ್ರಶ್ನೆಗಳೋ, ದೇವ್ರೇ, ಅವರ ಊರಿನ ಧಾರಾವಾಹಿ, ಅವರ ಊರಿನ ಫುಟ್‌ಬಾಲ್ ಕ್ಲಬ್ಬು, ಅವರ ಊರಿನ ಬಿಸ್ಕತ್ತು. ನೂರು ಪೌಂಡಿನ ಪ್ರಶ್ನೆ ಅಲ್ಲಿಯ ಮಕ್ಕಳಿಗೂ ಗೊತ್ತಿರುತ್ತೆ ಅಂತ ಇಟ್ಟಿರೋದು, ನಮಗೆ ಅದೇ ಬ್ರಹ್ಮವಿದ್ಯೆ. ವಿಜ್ಞಾನ, ರಾಜಧಾನಿ, ಗ್ರಹ ಇಂಥ ದೊಡ್ಡ ಮೊತ್ತದ ಪ್ರಶ್ನೆ ಬಂದ್ರೆ ನಾವೇ ಸೈ. ಅಂದ್ರೆ ಮೇಲಿನ ಮೆಟ್ಲು ಹತ್ತಕ್ಕಾಗುತ್ತೆ, ಹೊಸ್ತಿಲು ದಾಟಕ್ಕಾಗಲ್ಲ. ವಿಚಿತ್ರ ಪರಿಸ್ಥಿತಿ.

ಆದ್ರೂ ಆಡಿದ್ವಿ, ದಿನಾ ಆಡಿದ್ವಿ, ಅದಕ್ಕೆ ಕಾರಣ ಆ ಮ್ಯೂಸಿಕ್ಕು. ಕೀತ್ ಸ್ಟ್ರಾಕನ್, ಮ್ಯಾಥ್ಯೂ ಸ್ಟ್ರಾಕನ್ ಅಂತ ಅಪ್ಪ ಮಗ ಸೇರಿ ಮಾಡಿದ್ದಂತೆ. ಕೆಳಗಿನ ಐದು ಪ್ರಶ್ನೆ ದಾಟಿದ್ಮೇಲೆ ಒಂದೊಂದು ಪ್ರಶ್ನೆಗೂ ಅದು ಅರ್ಧ ಸ್ವರ ಮೇಲಕ್ಕೆ ಹೋಗುತ್ತೆ. ಕಿವಿಗೆ ಬದಲಾವಣೆ ಗೊತ್ತೇ ಆಗಲ್ಲ, ಎದೆಗೆ ಗೊತ್ತಾಗುತ್ತೆ. ಸಂಗೀತದ ಮೇಷ್ಟ್ರು ಶ್ರುತಿಪೆಟ್ಟಿಗೆನ ಯಾರಿಗೂ ಕಾಣದ ಹಾಗೆ ಒಂದೊಂದೇ ಮನೆ ಏರಿಸ್ತಾ ಹೋದ್ರೆ ಹಾಡೋನಿಗೆ ಹೇಗೆ ಬೆವರು ಬರುತ್ತೋ ಹಾಗೆ. ಟಿವಿ ಶೋನಿಂದ ಕಂಪ್ಯೂಟರಿಗೆ ಒಂಚೂರೂ ಕೆಡದೆ ಬಂದಿದ್ದು ಅದೊಂದೇ ಅಂತ ನಂಗನ್ಸುತ್ತೆ.

ಇಲ್ಲಿ ಅಪ್ಪನ ಕಥೆ ಬರುತ್ತೆ. ಅಪ್ಪ ಕೊಬ್ಬರಿ ಮಂಡೀಲಿ ಲೆಕ್ಕ ಬರಿಯೋ ಗುಮಾಸ್ತ, ಜೊತೆಗೆ ಊರಲ್ಲಿ ಒಂದಿಷ್ಟು ತೆಂಗಿನ ಮರ. ಒಂದಿನ ನನ್ನ ಮನೆಗೆ ಕರ್ಕೊಂಡು ಹೋಗಕ್ಕೆ ಅಂತ ಡಿಟಿಪಿ ಸೆಂಟರ್‌ಗೆ ಬಂದವ್ರು ಪ್ಲಾಸ್ಟಿಕ್ ಸ್ಟೂಲ್ ಎಳ್ಕೊಂಡು ಹಿಂದೆ ಕೂತ್ರು. ಪ್ರಶ್ನೆ ಇಂಗ್ಲಿಷಲ್ಲಿ, ನಾನು ಕನ್ನಡದಲ್ಲಿ ಹೇಳೋದು, ಅವರು ಉತ್ತರ ಹೇಳೋದು. ಹೇಗೋ ನಾಲ್ಕು ಸಾವಿರ ಪೌಂಡ್ ಆಯ್ತು. ಎಂಟು ಸಾವಿರದ ಪ್ರಶ್ನೆ ಬಂತು, ಒಂದು ಲೈಫ್‌ಲೈನೂ ಉಳಿದಿತ್ತು. ಅಪ್ಪ ಸ್ವಲ್ಪ ಹೊತ್ತು ನೋಡಿ ಕೇಳಿದ್ರು, "ನಾಲ್ಕ್ ಸಾವಿರ ಪೌಂಡ್ ಅಂದ್ರೆ ನಮ್ ದುಡ್ಡಲ್ಲಿ ಎಷ್ಟ್ಲಾ?" ಮಾವ ಕ್ಯಾಲ್ಕುಲೇಟರ್ ತೆಗೆದು ಎರಡೂ ಮುಕ್ಕಾಲು ಲಕ್ಷ ಅಂದ್ರು. ಅಪ್ಪ ಎದ್ದು ನಿಂತ್ರು.

"ಸಾಕ್ ಬಿಡ್ಲಾ, ಚೆಕ್ ಕೊಡ್ಲಿ. ನಡಿ ಮನೆಗೆ."

ನಾನು, "ಅಪ್ಪಾ ಇದು ನಿಜವಾದ್ ದುಡ್ಡಲ್ಲ ಕಣಪ್ಪ, ಸೋತ್ರೆ ಮತ್ತೆ ಮೊದ್ಲಿಂದ ಆಡ್ಬೋದು" ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ದುಡ್ಡು ತಗೊಂಡು ಹೊರಡ್ತೀನಿ ಅನ್ನೋ ಆಪ್ಷನ್ ಇತ್ತಲ್ಲ, ಅದನ್ನ ಒತ್ತಿಸಿದ್ರು. ಆ ಆಪ್ಷನ್ ಅಲ್ಲಿ ಇದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಆಮೇಲೆ ಅವರು ಬಂದಾಗಲೆಲ್ಲ ಇದೇ ಕಥೆ. ಒಂದ್ಸಲ ಎರಡು ಸಾವಿರಕ್ಕೆ ಎದ್ದಿದ್ದೂ ಉಂಟು, ಅವತ್ತು ಮಂಡೀಲಿ ರೇಟ್ ಬಿದ್ದಿತ್ತು.

ಕೊಬ್ಬರಿ ಊರಿನೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗ್ಳು ಕಾದ್ರೆ ಒಳಗೆ ನೀರು ಬತ್ತಿ ಉಂಡೆ ಕೊಬ್ಬರಿ ಆಗುತ್ತೆ. ಆಮೇಲೆ ಸುಲಿದು ಒಡೆದು ಮಂಡಿಗೆ. ಇವತ್ತಿನ ರೇಟಿಗೆ ಕೊಡ್ಬೇಕೋ, ಇನ್ನೊಂದ್ ವಾರ ಕಾದ್ರೆ ಕ್ವಿಂಟಾಲಿಗೆ ಇನ್ನಷ್ಟು ಏರುತ್ತೋ, ಅಥವಾ ಇದ್ದಿದ್ದೂ ಇಳಿಯುತ್ತೋ. ಇನ್ನೂ ಏರ್ಲಿ ಏರ್ಲಿ ಅಂತ ಕಾದು ಮಗಳ ಮದುವೆ ಮುಂದಕ್ಕೆ ಹಾಕಿದೋರನ್ನ ಅಪ್ಪ ದಿನಾ ಮಂಡೀಲಿ ನೋಡ್ತಿದ್ರು. ಅವರಿಗೆ ಎಂಟು ಸಾವಿರದ ಪ್ರಶ್ನೆ ಅಂದ್ರೆ ಗೇಮಲ್ಲ, ಬುಧವಾರದ ಮಂಡಿ ವ್ಯವಹಾರ.

ಈಗ ಯೋಚ್ನೆ ಮಾಡಿದ್ರೆ ಆ ಸಿಡೀನ ಸರಿಯಾಗಿ ಆಡಿದ್ದು ನಮ್ಮಪ್ಪ ಒಬ್ರೇ ಅನ್ಸುತ್ತೆ. ಆ ಶೋನ ಜೀವ ಪ್ರಶ್ನೇಲಿ ಇಲ್ಲ. ಜನರಲ್ ನಾಲೆಡ್ಜ್ ಪುಸ್ತಕ ಹತ್ತು ರೂಪಾಯಿಗೆ ಬಸ್‌ಸ್ಟ್ಯಾಂಡಲ್ಲಿ ಸಿಗ್ತಿತ್ತು. ಕೈಗೆ ಬಂದಿದ್ದು ಇಷ್ಟಿದೆ, ತಪ್ಪಾದ್ರೆ ಇಷ್ಟಕ್ಕೆ ಬೀಳ್ತೀಯ, ಏನ್ ಮಾಡ್ತೀಯ, ಅಂತ ಕೇಳೋದ್ರಲ್ಲಿ ಇದೆ ಅದರ ಜೀವ. ಆಗಿನ ಕೆಬಿಸೀಲಿ 10,000 ಮತ್ತು 3,20,000 ಎರಡು ಮೆಟ್ಟಿಲು ಗಟ್ಟಿ, ಮಿಕ್ಕಿದ್ದೆಲ್ಲ ಜಾರು. 50 ಲಕ್ಷ ಕೈಲಿಟ್ಕೊಂಡು ಕೋಟಿಯ ಪ್ರಶ್ನೆ ತಪ್ಪು ಹೇಳಿದ್ರೆ ಸೀದಾ 3,20,000ಕ್ಕೆ. ಆ ಹೊಟ್ಟೆಯೊಳಗಿನ ಗುಡುಗುಡು ಸಿಡೀಲಿ ಹೇಗೆ ತುಂಬ್ತೀರ? ಸೋತ್ರೆ 'ಮತ್ತೆ ಆಡು' ಅಂತ ಒಂದು ಬಟನ್ ಇರುತ್ತೆ, ಆ ಬಟನ್ ಇರೋವರೆಗೂ ಯಾರೂ ಕ್ವಿಟ್ ಮಾಡಲ್ಲ. ನಾನಂತೂ ಕಣ್ಮುಚ್ಚಿ ಸಿ ಒತ್ತೋನು. ಟಿವಿ ಗೇಮ್ ಶೋಗಳನ್ನ ವಿಡಿಯೋ ಗೇಮ್ ಮಾಡೋ ಈ ವ್ಯಾಪಾರ ಎಂಬತ್ತರ ದಶಕದಿಂದ ನಡೀತಿದೆ, ಅಷ್ಟೂ ಜನ ಇದೇ ಗೋಡೆಗೆ ತಲೆ ಚಚ್ಕೊಂಡಿದ್ದಾರೆ.

ಲೈಫ್‌ಲೈನ್ ವಿಷಯಕ್ಕೇ ಬನ್ನಿ. 1999ರ ನವೆಂಬರಲ್ಲಿ ಅಮೆರಿಕದ ಶೋನಲ್ಲಿ ಮೊದಲ ಸಲ ಹತ್ತು ಲಕ್ಷ ಡಾಲರ್ ಗೆದ್ದ ಜಾನ್ ಕಾರ್ಪೆಂಟರ್ ಅಂತ ಒಬ್ಬ ಇದಾನೆ, ಟ್ಯಾಕ್ಸ್ ಇಲಾಖೆ ನೌಕರ. ಕೊನೇ ಪ್ರಶ್ನೇವರೆಗೆ ಒಂದೂ ಲೈಫ್‌ಲೈನ್ ಮುಟ್ಟಿರ್ಲಿಲ್ಲ. ಕೊನೇದಕ್ಕೆ ಅಪ್ಪಂಗೆ ಫೋನ್ ಮಾಡ್ತೀನಿ ಅಂದ. ಫೋನ್ ಎತ್ತಿದ ಅಪ್ಪಂಗೆ ಹೇಳಿದ್ದೇನು, ನಿನ್ನ ಸಹಾಯ ಬೇಕಾಗಿಲ್ಲ ಅಪ್ಪ, ನಾನು ಮಿಲಿಯನ್ ಗೆಲ್ತಾ ಇದೀನಿ ಅಂತ ಹೇಳಣ ಅಂತ ಮಾಡ್ದೆ ಅಷ್ಟೆ. ಉತ್ತರ ರಿಚರ್ಡ್ ನಿಕ್ಸನ್. ಗೆದ್ದ. ಯೂಟ್ಯೂಬಲ್ಲಿ ಇದೆ ನೋಡಿ, ಎಷ್ಟು ಸಲ ನೋಡಿದ್ರೂ ನಂಗೆ ಕಣ್ಣು ಮಂಜಾಗುತ್ತೆ. ನಮ್ಮ ಸಿಡೀಲೂ ಫೋನ್ ಎ ಫ್ರೆಂಡ್ ಇತ್ತು. ಒತ್ತಿದ್ರೆ ಟ್ರಿಂಗ್ ಟ್ರಿಂಗ್ ಅಂದು ಯಾವನೋ ಅಪರಿಚಿತ ಬಂದು ಮೊದಲೇ ರೆಕಾರ್ಡ್ ಮಾಡಿಟ್ಟ ಧ್ವನೀಲಿ ಬಹುಶಃ ಬಿ ಇರ್ಬೇಕು ಅನ್ನೋನು. ನನ್ನ ಫ್ರೆಂಡು ಅಂತೆ, ಅವನ ಹೆಸರೂ ನಂಗೊತ್ತಿಲ್ಲ. ನಮ್ಮ ಮಾವ ಇದಕ್ಕೆ ಒಂದು ದಾರಿ ಕಂಡ್ಕೊಂಡಿದ್ರು, ಸಿಡಿಯ ಫ್ರೆಂಡ್ ಬಿಟ್ಟು ಅಂಗಡಿಯ ಲ್ಯಾಂಡ್‌ಲೈನಿಂದ ಪಕ್ಕದ ಬೀದಿ ನಿವೃತ್ತ ಹೆಡ್‌ಮೇಷ್ಟ್ರಿಗೆ ನಿಜವಾಗ್ಲೂ ಫೋನ್ ಮಾಡೋದು. ಅವರು ಮೂರು ಸಲ ಹೇಳಿದ್ರು, ನಾಲ್ಕನೇ ಸಲ ಬೈದ್ರು.

ಉತ್ತರ ನಾಲ್ಕರಲ್ಲಿ ಒಂದು ಅಂತ ಇದ್ರೆ ಕಂಪ್ಯೂಟರಿಗೆ ಸಲೀಸು. ಉತ್ತರನ ಬಾಯಲ್ಲಿ ಹೇಳೋ ಶೋಗಳದ್ದು ಇನ್ನೊಂದು ಫಜೀತಿ. ಅಮೆರಿಕದಲ್ಲಿ 'ಜೆಪರ್ಡಿ' ಅಂತ ಒಂದು ಇದೆ, 1964ರಿಂದ, ಅಲ್ಲಿ ಉತ್ತರನ ಅವರು ಕೊಟ್ಟು ಪ್ರಶ್ನೆನ ನೀವು ಹೇಳ್ಬೇಕು. 1988ರಲ್ಲಿ ಅದು ಟಿವಿಗೆ ಸಿಕ್ಕಿಸಿ ಆಡೋ ಜಪಾನಿನ ಗೇಮ್ ಡಬ್ಬ ನಿಂಟೆಂಡೊ ಎನ್‌ಇಎಸ್‌ಗೆ ಬಂತು. ಗೇಮ್‌ಟೆಕ್ ಅನ್ನೋ ಅಮೆರಿಕನ್ ಕಂಪನಿ ಇಂಥ ಗೇಮ್ ಶೋ ಗೇಮುಗಳನ್ನೇ ಕಟ್ಟೆ ಕಟ್ಕೊಂಡು ಮಾರ್ತಿತ್ತು. ಬರೆದುಕೊಟ್ಟಿದ್ದು ಮಾತ್ರ ಇಂಗ್ಲೆಂಡಿನ ಟ್ವೈಕ್ರಾಸ್ ಅನ್ನೋ ಹಳ್ಳಿಯ ರೇರ್ ಕಂಪನಿ. ಹೌದು, ಆಮೇಲೆ ಡಾಂಕಿ ಕಾಂಗ್ ಕಂಟ್ರಿ, ಗೋಲ್ಡನ್ ಐ ಥರದ ದೊಡ್ಡ ಗೇಮುಗಳನ್ನ ಮಾಡಿದ ಅದೇ ರೇರ್. ಅಮೆರಿಕದ ಅಜ್ಜಿಯಂದಿರು ಸಂಜೆ ನೋಡೋ ಕ್ವಿಜ್ಜನ್ನ ಇಂಗ್ಲಿಷ್ ಹಳ್ಳಿ ಹುಡುಗ್ರು ಜಪಾನಿನ ಡಬ್ಬಕ್ಕೆ ತುಂಬಿದ್ರು. ಆ ರಿಮೋಟಲ್ಲಿ ಕೀಬೋರ್ಡ್ ಎಲ್ಲಿ? ಅಕ್ಷರಮಾಲೆ ಮೇಲೆ ಬಾಣದ ಗುರುತು ಓಡಿಸ್ಕೊಂಡು ಒಂದೊಂದೇ ಅಕ್ಷರ ಹೆಕ್ಬೇಕು, ಗಡಿಯಾರ ಒಂದ್ಕಡೆ ಓಡ್ತಿರುತ್ತೆ. ಗೊತ್ತಿರೋನಿಗೂ ಟೈಪ್ ಮಾಡೋಷ್ಟರಲ್ಲಿ ಜೀವ ಹೋಗೋದು.

ಇನ್ನು ಸ್ಪೆಲ್ಲಿಂಗ್. ಟಿವೀಲಿ ನಿರೂಪಕನ ಎದುರು ಸ್ವಲ್ಪ ತೊದಲಿದ್ರೂ ಸರಿ ಅಂತಾನೆ, ಮನುಷ್ಯ ತಾನೆ. ಯಂತ್ರಕ್ಕೆ ಆ ಔದಾರ್ಯ ಹೇಗೆ ಕಲಿಸೋದು? 1993ರ ಸೂಪರ್ ನಿಂಟೆಂಡೊ 'ಫ್ಯಾಮಿಲಿ ಫ್ಯೂಡ್' ಗೇಮಲ್ಲಿ ಇದಕ್ಕೊಂದು ಅದ್ಭುತ ಉಪಾಯ ಮಾಡಿದ್ರು. ನೂರು ಜನರನ್ನ ಕೇಳಿದಾಗ ಏನ್ ಹೇಳಿದ್ರು ಅಂತ ಊಹಿಸೋ ಶೋ ಅದು. ಸರಿಯುತ್ತರದ ಅಕ್ಷರಗಳು ನೀವು ಟೈಪ್ ಮಾಡಿದ್ರಲ್ಲಿ ಅದೇ ಸಾಲಾಗಿ ಎಲ್ಲಾದ್ರೂ ಸಿಕ್ಕಿದ್ರೆ ಸಾಕು, ಮಧ್ಯೆ ಏನ್ ಕಸ ಇದ್ರೂ ನಡೆಯುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಉತ್ತರ 'ಕಾರು' ಅಂತಿಟ್ಕೊಳಿ, ನೀವು 'ಕಾಡಿನ ದೇವರು' ಅಂತ ಬರೆದ್ರೂ ಸರಿಯೇ, ಕಾ ಇದೆ, ಆಮೇಲೆ ರು ಇದೆ, ಕೊಡು ಮಾರ್ಕು! ಪಾಪ, ಮಕ್ಕಳು ಸ್ಪೆಲ್ಲಿಂಗ್ ತಪ್ಪು ಮಾಡಿದ್ರೆ ಬೇಜಾರಾಗ್ಬಾರ್ದು ಅಂತ ಮಾಡಿದ್ದಿರ್ಬೇಕು. ವರ್ಷಗಟ್ಟಲೆ ಆದ್ಮೇಲೆ ಎಮ್ಯುಲೇಟರಲ್ಲಿ, ಅಂದ್ರೆ ಹಳೇ ಗೇಮುಗಳನ್ನ ಕಂಪ್ಯೂಟರಲ್ಲಿ ಓಡಿಸೋ ಸಾಫ್ಟ್‌ವೇರಲ್ಲಿ, ಫ್ರೇಮ್ ಫ್ರೇಮ್ ಲೆಕ್ಕ ಹಾಕಿ ಆಡೋ ಹುಡುಗ್ರು ಇದನ್ನ ಹಿಡ್ಕೊಂಡು, ಸರಿಯುತ್ತರ ಹೊಟ್ಟೇಲಿ ಬಚ್ಚಿಟ್ಟ ಅಸಂಬದ್ಧ ವಾಕ್ಯಗಳನ್ನೇ ಟೈಪ್ ಮಾಡಿ ಇಡೀ ಆಟ ಗೆದ್ದು ತೋರಿಸಿದ್ದಾರೆ. ಏನೇನೋ ಬರೆದ್ರೂ ಪರದೆ ಮೇಲಿನ ಕುಟುಂಬ ಗಂಭೀರವಾಗಿ ಚಪ್ಪಾಳೆ ಹೊಡೆಯುತ್ತೆ. ನಕ್ಕೂ ನಕ್ಕೂ ಸಾಕಾಯ್ತು ನಂಗೆ. ಹಂಗೇ ಒಂದು ಯೋಚ್ನೆನೂ ಬಂತು, ನೂರು ಜನ ಕನ್ನಡಿಗರನ್ನ ಬೆಳಿಗ್ಗೆ ತಿಂಡಿ ಏನು ಅಂತ ಕೇಳಿ ಗೇಮ್ ಮಾಡಿದ್ರೆ ಉಪ್ಪಿಟ್ಟು, ಉಪ್ಪಿಟ್, ಉಪ್ಮಾ, ಖಾರಾಬಾತ್, ಕಾಂಕ್ರೀಟ್ ಇದೆಲ್ಲ ಒಂದೇ ಅಂತ ಆ ಯಂತ್ರಕ್ಕೆ ಯಾರು ಹೇಳ್ಕೊಡ್ತಾರೆ.

ಇದರ ಉಲ್ಟಾ ಕಥೆ ಇನ್ನೂ ಮಜಾ ಇದೆ. ಟಿವಿ ಶೋನ ವಿಡಿಯೋ ಗೇಮ್ ಮಾಡೋದಿರ್ಲಿ, ಟಿವಿ ಶೋನೇ ವಿಡಿಯೋ ಗೇಮ್ ಥರ ಆಡಿದ ಒಬ್ಬ ಪುಣ್ಯಾತ್ಮ ಇದ್ದ. ಓಹಾಯೊದ ಮೈಕೆಲ್ ಲಾರ್ಸನ್, ಐಸ್‌ಕ್ರೀಂ ಗಾಡಿ ಓಡಿಸ್ತಿದ್ದೋನು. ಸಿಬಿಎಸ್ ಚಾನಲ್ಲಲ್ಲಿ 'ಪ್ರೆಸ್ ಯುವರ್ ಲಕ್' ಅಂತ ಬರ್ತಿತ್ತು, 18 ಚೌಕಗಳ ದೊಡ್ಡ ಬೋರ್ಡು, ಅದರ ಮೇಲೆ ದೀಪ ಸರಸರ ಓಡುತ್ತೆ, ಬಟನ್ ಗುದ್ದಿದಾಗ ನಿಂತಲ್ಲಿ ಇರೋದು ನಿಮಗೆ. ದುಡ್ಡೂ ಇರ್ಬೋದು, 'ವ್ಯಾಮಿ' ಅನ್ನೋ ಕೆಂಪು ಭೂತನೂ ಇರ್ಬೋದು, ಭೂತ ಬಂದ್ರೆ ಅಲ್ಲಿವರೆಗಿನ ದುಡ್ಡೆಲ್ಲ ಗೋತಾ. ಎಲ್ಲರೂ ಅದು ಅದೃಷ್ಟ ಅಂದ್ಕೊಂಡಿದ್ರು. ಲಾರ್ಸನ್ ವಿಸಿಆರಲ್ಲಿ ರೆಕಾರ್ಡ್ ಮಾಡಿ, ನಿಲ್ಸಿ ನಿಲ್ಸಿ ನೋಡಿ ಕಂಡುಹಿಡಿದ, ದೀಪ ಓಡೋದು ಬರೀ ಐದೇ ಮಾದರೀಲಿ, ಮತ್ತೆ ಎರಡು ಚೌಕಕ್ಕೆ ಭೂತ ಬರೋದೇ ಇಲ್ಲ. ಮನೇಲಿ ಟಿವಿ ಮುಂದೆ ಕೂತು ವಾರಗಟ್ಟಲೆ ರಿಮೋಟಲ್ಲಿ ಪ್ರಾಕ್ಟೀಸ್. 1984ರ ಮೇನಲ್ಲಿ ಸ್ಟುಡಿಯೋಗೆ ಹೋದ. ಒಂದೇ ಸಮ ಗುದ್ದಿದ, ಭೂತ ಇಲ್ಲ, ಮತ್ತೆ ಗುದ್ದಿದ, ಭೂತ ಇಲ್ಲ. ನಿರೂಪಕ ಪೀಟರ್ ಟೊಮಾರ್ಕನ್ ಮುಖ ನೋಡ್ಬೇಕು, ಮೊದ್ಲು ನಗು, ಆಮೇಲೆ ಗಾಬರಿ. ಒಟ್ಟು 1,10,237 ಡಾಲರ್. ಚಾನಲ್ಲಿನೋರು ಮೋಸ ಹುಡುಕಿದ್ರು, ಸಿಗ್ಲಿಲ್ಲ. ಬೋರ್ಡ್ ನೋಡಿದಾನೆ, ನೆನಪಿಟ್ಕೊಂಡಿದಾನೆ, ಇದರಲ್ಲಿ ಮೋಸ ಏನು? ದುಡ್ಡು ಕೊಟ್ರು, ಆಮೇಲೆ ದೀಪದ ಮಾದರಿಗಳನ್ನ ಜಾಸ್ತಿ ಮಾಡ್ಕೊಂಡ್ರು.

ನಂಗೆ ಆ ಎಪಿಸೋಡಲ್ಲಿ ಇಷ್ಟ ಆಗೋದು ಅವನು ಗೆದ್ದಿದ್ದಲ್ಲ. ಒಂದು ಲಕ್ಷ ಡಾಲರ್ ದಾಟಿದ ತಕ್ಷಣ ಸಾಕು ಅಂತ ಉಳಿದ ಸರದಿಗಳನ್ನ ಪಕ್ಕದೋರಿಗೆ ದಾಟಿಸಿಬಿಟ್ಟ. ದೀಪ ಯಾವಾಗ ಎಲ್ಲಿರುತ್ತೆ ಅಂತ ಬೆರಳಿಗೆ ಗೊತ್ತು, ಆದ್ರೂ ಕೈ ನಡುಗಕ್ಕೆ ಶುರುವಾಗಿತ್ತು ಅಂತ ಕಾಣುತ್ತೆ. ಮನೇಲಿ ರಿಮೋಟಲ್ಲಿ ಆಡಿದಾಗ ನಡುಗದ ಕೈ. ಆದ್ರೆ ಆ ಬುದ್ಧಿ ಮನೆಗೆ ಹೋದ್ಮೇಲೆ ಇರ್ಲಿಲ್ಲ. ನೋಟಿನ ನಂಬರ್ ಹೊಂದಿಸಿದ್ರೆ ಬಹುಮಾನ ಅಂತ ಯಾವುದೋ ರೇಡಿಯೋ ಸ್ಪರ್ಧೆಗೆ ಬ್ಯಾಂಕಿಂದ ಹತ್ತಾರು ಸಾವಿರ ಡಾಲರನ್ನ ಒಂದೊಂದು ಡಾಲರಿನ ನೋಟುಗಳಾಗಿ ತಂದು ಮನೇಲಿ ಗುಡ್ಡೆ ಹಾಕಿದ್ದ, ಅದು ಕಳುವಾಯ್ತು. ಅಪ್ಪಂಗೆ ಈ ಕಥೆ ಹೇಳಿದಾಗ ಅರ್ಧಕ್ಕೇ ತಡೆದು, "ಮನೇಲ್ ಯಾಕ್ಲಾ ಇಟ್ಕೊಂಡ" ಅಂತ ರೇಗಿದ್ರು, ಐಸ್‌ಕ್ರೀಂ ಗಾಡಿಯೋನು ಪಕ್ಕದ ಮನೆಯೋನು ಅನ್ನೋ ಥರ.

ಆಮೇಲೆ ಇಂಟರ್‌ನೆಟ್ ಬಂತು, ಎಲ್ಲರಿಗೂ ಒಂದೇ ಸಮಯಕ್ಕೆ ಒಂದೇ ಆಟ ಆಡಿಸೋಣ ಅಂತ ಹೊರಟ್ರು. ಮೈಕ್ರೋಸಾಫ್ಟ್ 2009ರಲ್ಲಿ '1 ವರ್ಸಸ್ 100' ಅನ್ನೋ ಟಿವಿ ಶೋನ ತನ್ನ ಗೇಮ್ ಡಬ್ಬ ಎಕ್ಸ್‌ಬಾಕ್ಸಲ್ಲಿ ಲೈವ್ ಮಾಡ್ತು, ಟೈಮಿಗೆ ಸರಿಯಾಗಿ ಕೂರ್ಬೇಕು, ಒಬ್ಬ ಆಡ್ತಾನೆ, ನೂರು ಜನ ಎದುರಾಳಿ, ಮಿಕ್ಕ ಸಾವಿರಾರು ಜನ ಗ್ಯಾಲರಿ, ನಿಜವಾದ ಬಹುಮಾನ. ಕೇಳಕ್ಕೆ ಎಷ್ಟ್ ಚೆನ್ನಾಗಿದೆ, 2010ರಲ್ಲಿ ನಿಲ್ಸಿಬಿಟ್ರು. 2017ರಲ್ಲಿ ಎಚ್‌ಕ್ಯೂ ಟ್ರಿವಿಯಾ ಅನ್ನೋ ಫೋನ್ ಆ್ಯಪ್ ಬಂತು, 12 ಪ್ರಶ್ನೆ, ಒಂದೊಂದಕ್ಕೂ 10 ಸೆಕೆಂಡು, ಜೋರಿದ್ದಾಗ 20 ಲಕ್ಷಕ್ಕಿಂತ ಜಾಸ್ತಿ ಜನ ಒಟ್ಟಿಗೆ ಆಡಿದ್ರು. ಅದನ್ನ ನೋಡ್ಕೊಂಡು ನಮ್ಮಲ್ಲೂ ಅಂಥ ಆ್ಯಪ್‌ಗಳು ಬಂದ್ವಲ್ಲ, 2018ರಲ್ಲಿ, ನೆನಪಿದ್ಯಾ? ಮಧ್ಯಾಹ್ನ ಊಟದ ಹೊತ್ತಿಗೆ ಬೆಂಗಳೂರಿನ ನಮ್ಮ ಆಫೀಸ್ ಕ್ಯಾಂಟೀನಲ್ಲಿ ಒಂದು ಟೇಬಲ್ ಪೂರ್ತಿ ಫೋನ್ ಹಿಡ್ಕೊಂಡು, ಒಬ್ಬ ಕೂಗೋದು ಬಿ ಬಿ ಬಿ, ಇನ್ನೊಬ್ಬ ಅಲ್ಲ ಕಣೋ ಎ, ಮೊಸರನ್ನ ಆರಿ ಅಲ್ಲ ಅದು ಮೊದ್ಲೇ ಆರಿರುತ್ತೆ, ಸಾಂಬಾರ್ ಆರಿ ಹೋಗೋದು. ಒಂದ್ಸಲ ಅಷ್ಟೂ ಪ್ರಶ್ನೆಗೆ ಸರಿ ಉತ್ತರ ಕೊಟ್ಟು ಗೆದ್ದೆ. ಗೆದ್ದೋರಿಗೆಲ್ಲ ಹಂಚಿ ನನ್ನ ಪಾಲಿಗೆ ಬಂದಿದ್ದು ಹನ್ನೊಂದು ರೂಪಾಯಿ ಚಿಲ್ಲರೆ. ಆದ್ರೆ ನಿಜ ಹೇಳ್ಬೇಕಂದ್ರೆ ಕೊನೇ ಪ್ರಶ್ನೇಲಿ ನನ್ನ ಬೆರಳು ನಡುಗಿತ್ತು. ಮತ್ತೆ ಆಡೋ ಬಟನ್ ಇರ್ಲಿಲ್ಲ ನೋಡಿ, ತಪ್ಪಾದ್ರೆ ನಾಳೇವರೆಗೆ ಕಾಯ್ಬೇಕು. ಅಷ್ಟು ಸಾಕಾಗಿತ್ತು ಭಯ ಹುಟ್ಸಕ್ಕೆ. ಆದ್ರೆ ಅಲ್ಲಿ ಮಧ್ಯದಲ್ಲಿ ದುಡ್ಡು ತಗೊಂಡು ಏಳೋ ಅವಕಾಶ ಇರ್ಲಿಲ್ಲ, ಹಾಗಾಗಿ ಅಪ್ಪಂಗೆ ತೋರಿಸಿದ್ರೂ ಉಪಯೋಗ ಇರ್ಲಿಲ್ಲ.

ಅಪ್ಪಂಗೆ ಬೇಕಾಗಿದ್ದು ಸಿಕ್ಕಿದ್ದು 2012ರಲ್ಲಿ, ಸುವರ್ಣ ಚಾನಲ್ಲಲ್ಲಿ ಕನ್ನಡದ ಕೋಟ್ಯಧಿಪತಿ ಬಂದಾಗ. ಎದುರಿಗೆ ಪುನೀತ್ ರಾಜ್‌ಕುಮಾರ್. ಇಂಗ್ಲಿಷ್ ಇಲ್ಲ, ಹಿಂದಿ ಇಲ್ಲ, ನಾನು ಪಕ್ಕದಲ್ಲಿ ಕೂತು ಅನುವಾದ ಮಾಡೋ ಅಗತ್ಯನೂ ಇಲ್ಲ. ಅಪ್ಪು ನಕ್ಕು ಮಾತಾಡ್ಸಿದ್ರೆ ಬಂದೋರ ನಡುಕ ಅರ್ಧ ಇಳಿಯೋದು. ನಾನು ಬೆಂಗಳೂರಿಂದ ಫೋನ್ ಮಾಡಿದ್ರೆ ಎತ್ತೋರಲ್ಲ, ಎತ್ತಿದ್ರೆ ಹೇಳೋದು ಇಷ್ಟೇ, "ಅವ್ನು ಎದ್ದೇಳ್ಬೇಕಿತ್ತು ಕಣ್ಲಾ, ಆರೂವರೆ ಲಕ್ಷ ಇತ್ತು ಕೈಲಿ."

ಹೋದ ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಲ್ಲಿ ಮಿಲಿಯನೇರ್ ಗೇಮ್ ಹಾಕ್ಕೊಂಡು ಹೋಗಿದ್ದೆ, ಇತ್ತೀಚಿಂದು, ಗ್ರಾಫಿಕ್ಸ್ ಎಲ್ಲ ಥಳಥಳ. ನನ್ನ ಮಗಳಿಗೆ ಎಂಟು ವರ್ಷ. ಅವಳು ಥೇಟ್ ನನ್ನ ಥರ, ಓದೋಕೆ ಮುಂಚೆ ಸಿ. ಅಪ್ಪಂಗೆ ಈಗ ಕಣ್ಣು ಅಷ್ಟು ಕಾಣಲ್ಲ, ಹಗ್ಗದ ಮಂಚದ ಮೇಲೆ ಕೂತಿದ್ರು. ಮಗಳು ಓದಿ ಹೇಳೋದು, ನಾನು ಕನ್ನಡಕ್ಕೆ ತರೋದು, ಅವರು ತೂಕಡಿಸ್ತಾ ತೂಕಡಿಸ್ತಾ ಉತ್ತರ ಹೇಳೋದು. ಹೇಗೋ ಹದಿನಾರು ಸಾವಿರ ಆಯ್ತು. ನನ್ನ ಕಣ್ಣಿಗೆ ಬಿದ್ದಿರೋ ಅವರ ದಾಖಲೆ ಅದು. ಮುಂದಿನ ಪ್ರಶ್ನೆ ಓದ್ತಾ ಇದ್ದ ಹಾಗೆ ಮ್ಯೂಸಿಕ್ ಅರ್ಧ ಸ್ವರ ಮೇಲೆ ಹೋಯ್ತು, ನನ್ನ ಬೆನ್ನಲ್ಲಿ ಹಳೇ ಚಳಿ.

"ತಾತಾ ಇನ್ನೊಂದು ಹೇಳಿದ್ರೆ ಗಟ್ಟಿ ಮೆಟ್ಲು ಬರುತ್ತೆ, ಮೂವತ್ತೆರಡು ಸಾವಿರ!"

"ಹದಿನಾರು ಕಮ್ಮಿ ಏನವ್ವಾ? ಸಾಕು, ಒತ್ತು ಅದನ್ನ."

ಮಗಳು ನನ್ನ ಮುಖ ನೋಡಿದ್ಲು. ನಾನು ತಲೆಯಾಡಿಸ್ದೆ. ಒತ್ತಿದ್ಲು. ಎದ್ದು ಹೊರಟೋರಿಗೆ ನೀವು ಯಾವ ಉತ್ತರ ಕೊಡ್ತಿದ್ರಿ ಅಂತ ಶೋನಲ್ಲಿ ಕೇಳ್ತಾರಲ್ಲ, ಅದನ್ನೇ ಇವಳು ಕೇಳಿದ್ಲು, ತಾತ ಏನ್ ಹೇಳ್ತಿದ್ರಿ ನೀವು. ಅಷ್ಟರಲ್ಲಿ ತ್ರೀ ಫೇಸ್ ಕರೆಂಟ್ ಬಂದು ತೋಟದ ಕಡೆ ಮೋಟರ್ ಸದ್ದಾಯ್ತು. ಅಪ್ಪ ಟವಲ್ ಹೆಗಲಿಗೆ ಹಾಕ್ಕೊಂಡು, ಚಪ್ಪಲಿ ಕಾಲಲ್ಲಿ ತಡಕಿ ಮೆಟ್ಕೊಂಡು, ಆರನೇ ಸಾಲಿಗೆ ನೀರು ತಿರುಗಿಸ್ಬೇಕು ಅಂತ ಹೋದ್ರು. ಮಗಳು ಪರದೆ ಕಡೆ ತಿರುಗಿ ಡಿ ಒತ್ತಿ ನೋಡೋಣ ಅಂದ್ಲು, ಗೇಮ್ ಆಗ್ಲೇ ಮೊದಲ ಪುಟಕ್ಕೆ ಹೋಗಿತ್ತು.